ಪೇರಲಹಣ್ಣಿನ ಮೇಲಿನ ಗಂಜಿ

ಸಿಂಧನೂರು
ಫೆಬ್ರವರಿ ೩, ಮಂಗಳವಾರ

ಪ್ರೀತಿಯ ಅತ್ತೆಯವರಿಗೆ ಅಂಬಿಕಾಳ ನಮಸ್ಕಾರಗಳು.

ಒಂದು ವಿಷಯವನ್ನು ಬರೆಯದೆಯೇ ಬಿಡುವವಳಿದ್ದೆ. ಮುಂದಿನ ವಾರದ ಕಣ್ಣಿನ ಆಪರೇಷನ್‌ಗೆ ಏನೇನು ತರಬೇಕು, ಲಿಂಗಸುಗೂರಿನಲ್ಲಿ ಎಷ್ಟು ಹೊತ್ತಿಗೆ ಬಸ್ಸು ಹತ್ತಬೇಕು ಎಂದಷ್ಟೇ ತಿಳಿಸಿ ಮುಗಿಸೋಣವೆಂದು ಕೂತಿದ್ದೆ. ಆಗಲಿಲ್ಲ. ಫೋನಿನಲ್ಲಿ ಹೇಳಿದರೆ ನೀವು "ಇರ್ಲಿ ಬಿಡವಾ" ಎಂದು ಮಾತು ತಿರುಗಿಸುತ್ತೀರಿ. ಅದಕ್ಕೇ ಈ ಕಾಗದ.

ನಾನು ಕಳಿಸುತ್ತಿರುವ ಪೇರಲಹಣ್ಣಿನ ಸಂಗತಿ. ಮೊನ್ನೆ ನೀವು ಫೋನು ಮಾಡಿ, "ವಾರಾತು, ಇನ್ನಾ ಗಿಡದಾಗ ಇದ್ದಂಗ ಅದಾವಲ್ಲ. ಏನ್ ಮಾಟ ಮಾಡೀಯೇ?" ಎಂದು ಕೇಳಿದಿರಿ. ನಾನು ನಕ್ಕುಬಿಟ್ಟೆ. ಅದು ಗಂಜಿ, ಅತ್ತೆ. ಕಿತ್ತ ಮೇಲೂ ಹಣ್ಣು ಉಸಿರಾಡುತ್ತಿರುತ್ತದೆ, ನೀರು ಕಳೆದುಕೊಂಡು ಸುಕ್ಕಾಗುತ್ತದೆ. ಮೇಲೊಂದು ತೆಳ್ಳನೆಯ ಪೊರೆ ಕೊಟ್ಟರೆ ಎರಡೂ ನಿಧಾನವಾಗುತ್ತವೆ. ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿಗಳ ಜೊತೆ ಈಗ ಇದನ್ನೇ ಮಾಡುತ್ತಿದ್ದೇನೆ. ಇಲ್ಲಿಯ ಮಿಲ್ಲಿನ ನುಚ್ಚಕ್ಕಿ ಬೇಯಿಸಿ, ಸೋಸಿ, ಆ ತಿಳಿಗಂಜಿಯಲ್ಲಿ ಹಣ್ಣು ಅದ್ದಿ ಫ್ಯಾನಿನ ಕೆಳಗೆ ಆರಿಸುತ್ತೇವೆ. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಸಿಪ್ಪೆಯ ಜೊತೆಗೇ ತಿನ್ನಬಹುದು. ನಿಮಗೆ ಕಳಿಸುವ ಹಣ್ಣಿಗೆ ಮಾತ್ರ ಗಂಜಿಯನ್ನು ಮನೆಯಲ್ಲಿ, ನಾನೇ ಕಾಯಿಸುತ್ತೇನೆ.

ಅಂದರೆ ಅದು ನಾನು ಬೇಯಿಸಿದ ಅಕ್ಕಿ.

ನಮ್ಮ ಮದುವೆಯಾದಾಗಿನಿಂದ ನೀವು ಈ ಮನೆಗೆ ಬಂದಾಗಲೆಲ್ಲ, "ಹೊಟ್ಟಿ ತುಂಬೈತಿ, ಹಣ್ಣಿದ್ರ ಒಂದು ಕೊಡು" ಎನ್ನುತ್ತಿದ್ದಿರಿ. ಹಣ್ಣಿಗೆ ಮೈಲಿಗೆಯಿಲ್ಲ. ನಾನು ಮಸ್ಕಿಯ ಯಾವ ಕೇರಿಯವಳು ಎಂಬುದೇ ಕಾರಣವೆಂದು ಇಬ್ಬರಿಗೂ ಗೊತ್ತಿತ್ತು. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ಆದರೂ ನಾನು ಕೊಟ್ಟ ಹಣ್ಣನ್ನು ಎಷ್ಟು ಅಕ್ಕರೆಯಿಂದ ತಿನ್ನುತ್ತಿದ್ದಿರಿ. ನೋಡುತ್ತಾ ಕೂತರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಬರಬೇಕಿತ್ತೇನೋ, ತಿಳಿಯದು.

ನಿಮ್ಮ ಮಗನಿಗೆ ಇದನ್ನೆಲ್ಲ ಹೇಳಿದೆ. "ಸುಮ್ನಿರಬೇ. ಅವ್ವ ತಿಂದಾಳ, ಅರಗಿಸ್ಕೊಂಡಾಳ. ಈಗ ಹೇಳಿ ವಾಂತಿ ಮಾಡಸ್ತೀಯೇನು?" ಎಂದರು. ಆಪರೇಷನ್ ಆದ ಮೇಲೆ ನೀವು ಇಲ್ಲಿರುವಷ್ಟು ದಿನ ಖಾನಾವಳಿಯಿಂದ ಊಟದ ಡಬ್ಬಿ ಗೊತ್ತುಮಾಡಿದ್ದಾರೆ. ಅವರ ಮಾತು ಕೇಳಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಮ್ಮ ಮನೆಯಲ್ಲಿ ಕೂತವರಿಗೆ, ಬಾಯಿಗೆ ಹೋಗುತ್ತಿರುವುದು ಯಾರ ಕೈಯ ತುತ್ತು ಎಂಬುದಾದರೂ ಗೊತ್ತಿರಬೇಕು.

ಬೇಡವೆಂದರೆ ಖಾನಾವಳಿಯ ಡಬ್ಬಿಯೇ ಬರಲಿ. ಹಣ್ಣನ್ನು ಬರೀ ತೊಳೆದು ಕೊಡುತ್ತೇನೆ. ಬೇಗ ಕೆಡುತ್ತವೆ, ಮತ್ತೆ ಮತ್ತೆ ತಂದರಾಯಿತು. ಬೇಕೆಂದರೆ ಬಿಸಿ ಅನ್ನ ಮಾಡಿಕೊಡುತ್ತೇನೆ. ಏನೇ ಇರಲಿ, ಬರುವುದನ್ನು ತಪ್ಪಿಸಬೇಡಿ. ನಿಮ್ಮ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿದ್ದೇನೆ, ಬಿಸಿಲು ಕಣ್ಣಿಗೆ ಚುಚ್ಚದಿರಲೆಂದು.

ನಿಮ್ಮ ಸೊಸೆ,
ಅಂಬಿಕಾ

ತಾ.ಕ.: ಗಂಜಿಯ ಬದಲು ಲೋಳೆಸರದಿಂದಲೂ ಪೊರೆ ಮಾಡಬಹುದಿತ್ತು. ಲ್ಯಾಬಿನಲ್ಲಿ ಅದೂ ಚೆನ್ನಾಗಿಯೇ ಬಂದಿತ್ತು. ನುಚ್ಚಕ್ಕಿ ಸುಲಭವಾಗಿ ಸಿಗುತ್ತದೆ ಎಂದು ಎಲ್ಲರಿಗೂ ಹೇಳಿದೆ. ಆದರೆ ನಮ್ಮ ಹಿತ್ತಲಿನಲ್ಲೇ ಲೋಳೆಸರ ಬೆಳೆದು ನಿಂತಿದೆ. ಒಂದು ಅಗುಳಷ್ಟಾದರೂ ನನ್ನ ಕೈಯ ಅನ್ನ ನಿಮ್ಮ ಹೊಟ್ಟೆ ಸೇರಲಿ ಎಂದು ನನಗೆ ಆಸೆಯಿತ್ತು, ಅತ್ತೆ. ಇಷ್ಟು ಬರೆದ ಮೇಲೆ ಈ ಕಾಗದವನ್ನು ಮನೆಯಲ್ಲಿಟ್ಟುಕೊಂಡರೆ ಹರಿದುಹಾಕಿಬಿಡುತ್ತೇನೆ. ನಾಳೆಯೇ, ಫೆಬ್ರವರಿ ೪, ಬುಧವಾರ, ಅಂಚೆಗೆ ಹಾಕುತ್ತೇನೆ.