ಫೆರೆತಿಯ ಲೆಕ್ಕದಲ್ಲಿ ಬಿಟ್ಟುಹೋದ ಬಾಬತ್ತು

ಮಾರ್ಸ್‌ಡನ್, ಲೋಗನ್, ಆಸ್ಟ್ರೇಲಿಯಾ
ಆಗಸ್ಟ್ 11, ಸೋಮವಾರ

ನನ್ನ ಮುದ್ದು ರುತಾ,

ಅಕ್ಕ ಕಾಗದ ಬರೆಯುವ ಕಾಲ ಬಂತೇ ಅಂತ ನಗಬೇಡ. ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಮಾಂಗೆರೆಯ ನಿಮ್ಮ ಇಡೀ ಮನೆ ಸುತ್ತ ಕೂತು ಕೇಳುತ್ತದೆ. ಮೆಸೇಜ್ ಹಾಕಿದರೆ ನಿನಗಿಂತ ಮೊದಲು ಅಮ್ಮ ಓದುತ್ತಾಳೆ. ನಮ್ಮ ಪಾದ್ರಿಯವರ ಹೆಂಡತಿ ನಾಳೆ ನಿಮ್ಮ ಆಕ್ಲೆಂಡಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಓದು.

ನಿನ್ನ ಗಂಡ ಫೆರೆತಿ ಇಲ್ಲಿಯ ಗೋದಾಮಿನ ಕೆಲಸಕ್ಕೆ ಬರುತ್ತಾನೋ ಇಲ್ಲವೋ ಅಂತ ಶುಕ್ರವಾರದೊಳಗೆ ಅವರಿಗೆ ಉತ್ತರ ಕೊಡಬೇಕು ಅಂದೆಯಲ್ಲ. ಅವನು ಫೋನಿನಲ್ಲಿ ಯಾವುದೋ ವೆಬ್‌ಸೈಟು ತೆಗೆದು ಮಾಡಿದ ಲೆಕ್ಕದ ಫೋಟೋ ನನಗೂ ಕಳಿಸಿದ್ದಾನೆ. 'ನೋಡಿ ಅಕ್ಕಾ, ವಾರಕ್ಕೆ ಇನ್ನೂರ ಮೂವತ್ತು ಡಾಲರ್ ಕೈಯಲ್ಲಿ ಜಾಸ್ತಿ ಉಳಿಯುತ್ತೆ' ಅಂತ ಕೆಳಗೆ ಬೇರೆ ಬರೆದಿದ್ದಾನೆ. ಪಾಪ, ಹುಡುಗ ಒಳ್ಳೆಯವನು, ಕೂಡಿಸಿದ್ದರಲ್ಲಿ ತಪ್ಪಿಲ್ಲ. ಇಬ್ಬರ ಸಂಬಳ ಸೇರಿಸಿದ್ದಾನೆ, ಬಾಡಿಗೆ ಕಳೆದಿದ್ದಾನೆ, ನಿಮ್ಮ ಡಾಲರನ್ನು ನಮ್ಮ ಡಾಲರಿಗೆ ಬದಲಾಯಿಸಿಯೂ ಇದ್ದಾನೆ. ಆದರೆ ಆ ಸೈಟು ಮಾಡಿದವರು ಯಾರೂ ನಮ್ಮ ಮನೆಯಲ್ಲಿ ಹುಟ್ಟಿದವರಲ್ಲ.

ಬಿಟ್ಟುಹೋದದ್ದರಲ್ಲಿ ಮೊದಲನೆಯದು, ಪೆನಿ ಮಾವ. ಮದುವೆ, ಸಾವು, ಯಾರಿಗೋ ಬಿರುದು ಕೊಡುವ ಸಮಾರಂಭ ಅಂತ ಬಂದಾಗ ಕುಟುಂಬದ ಪಾಲು ಹಂಚುವವನು ಅವನೇ ತಾನೆ? ಅವನ ಹತ್ತಿರ ಮೂರೇ ದರ್ಜೆ. ಊರಲ್ಲಿರುವವರು ಚಾಪೆ ಮತ್ತು ಹಂದಿ ಕೊಡಬೇಕು, ನ್ಯೂಜಿಲೆಂಡಿನವರು ಇನ್ನೂರು, ಆಸ್ಟ್ರೇಲಿಯಾದವರು ನಾನೂರು. ನಾವು ಬಂದ ವರ್ಷ ನಿನ್ನ ಭಾವ ಸೆಫೋಗೆ ಐದು ತಿಂಗಳು ಕೆಲಸವೇ ಇರಲಿಲ್ಲ. ಪೆನಿ ಮಾವನಿಗೆ ಫೋನ್ ಮಾಡಿ ಹೇಳಿಕೊಂಡೆ. 'ಕೆಲ್ಸ ಇಲ್ದಿದ್ರೆ ಏನಂತೆ ಮಗಳೇ, ಇರೋದು ಆಸ್ಟ್ರೇಲಿಯಾದಲ್ಲೇ ಅಲ್ವಾ?' ಅಂದ. ನಿನ್ನ ಗಂಡ ಹೋದ ಶನಿವಾರ ಕುಟುಂಬದ ಸಭೆಯಲ್ಲಿ ಎದೆ ಉಬ್ಬಿಸಿಕೊಂಡು 'ಗಂಟೆಗೆ ಮೂವತ್ತೈದು' ಅಂದನಂತೆ. ಪೆನಿ ಮಾವ ಅಲ್ಲೇ ಅವನ ಹೆಸರನ್ನು ನಮ್ಮ ಪಟ್ಟಿಗೆ ಸೇರಿಸಿಬಿಟ್ಟಿದ್ದಾನೆ. ಇನ್ನೂ ವಿಮಾನ ಹತ್ತಿಲ್ಲ, ಆಗಲೇ ನಾನೂರು! ನೀವು ಬಾರದೇ ಹೋದರೂ ಅದು ಇನ್ನು ಇಳಿಯುವುದಿಲ್ಲ, ಬರೆದಿಟ್ಟುಕೋ. ಇದನ್ನು ಕೇಳಿ ಸೆಫೋ ನಕ್ಕೂ ನಕ್ಕೂ ಸೋಫಾದಿಂದ ಕೆಳಗೆ ಜಾರಿದ. ಇರಲಿ, ಇದು ಎರಡೂ ಕಡೆ ಒಂದೇ ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಡ.

ಎರಡನೆಯದು ಕಾರು. ಅಲ್ಲಿ ನೀನು ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆ ಬಸ್ಸಿನಲ್ಲಿ ಹೋಗುತ್ತೀಯ, ಫೆರೆತಿ ಪಕ್ಕದ ಮನೆಯವನ ವ್ಯಾನಿನಲ್ಲಿ ಹೋಗುತ್ತಾನೆ. ಇಲ್ಲಿ ಹಾಲು ತರಬೇಕಾದರೂ ಕಾರು ತೆಗೆಯಬೇಕು. ಫೆರೆತಿ ಒಂದನ್ನು ಲೆಕ್ಕಕ್ಕೆ ಹಿಡಿದಿದ್ದಾನೆ, ಅದು ಸಾಲದು, ಎರಡು ಬೇಕು. ಎರಡನೆಯ ಕಾರಿಗೆ ಪೆಟ್ರೋಲು, ವಿಮೆ, ರಿಪೇರಿ ಸೇರಿಸಿ ವಾರಕ್ಕೆ ನೂರ ಐವತ್ತು ಬರೆದುಕೋ. ಕೆಸುವಿನ ಗೆಡ್ಡೆಯ ಬೆಲೆ ನಾನು ಹೇಳುವುದಿಲ್ಲ, ಹೇಳಿದರೆ ನೀನು ಬರುವುದೇ ಇಲ್ಲ. ಇಲ್ಲಿ ಎಲ್ಲರೂ ಅನ್ನಕ್ಕೆ ಒಗ್ಗಿಕೊಂಡಿದ್ದೇವೆ. ಭಾನುವಾರ ಮಾತ್ರ ಗೆಡ್ಡೆ ಬೇಯಿಸುತ್ತೇನೆ, ಅದೂ ಸೆಫೋ ಮುಖ ಊದಿಸಿಕೊಳ್ಳಬಾರದು ಅಂತ.

ಮೂರನೆಯದೇ ದೊಡ್ಡದು ಕಣೆ. ಫೆರೆತಿ ಅದನ್ನು ಬರೆದೇ ಇಲ್ಲ. ಯಾಕೆ ಬರೆದಿಲ್ಲ ಗೊತ್ತಾ? ನಿಮ್ಮ ಮನೆಯಲ್ಲಿ ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಬೆಳಗ್ಗೆ ನೀವಿಬ್ಬರೂ ಹೊರಟ ಮೇಲೆ ನಿನ್ನ ಎರಡು ಮಕ್ಕಳಿಗೆ ಉಣ್ಣಿಸಿ, ಮೈ ತೊಳೆದು, ಮಲಗಿಸಿ, ಎಬ್ಬಿಸುವವಳು ಅಮ್ಮ. ಇಲ್ಲಿ ಆ ಇಬ್ಬರನ್ನೂ ಶಿಶುವಿಹಾರಕ್ಕೆ ಹಾಕಿದರೆ, ಸರಕಾರ ಕೊಡುವುದು ಕಳೆದೂ, ವಾರಕ್ಕೆ ಮುನ್ನೂರ ಎಂಬತ್ತು. ನಾನೇ ಎರಡು ಕಡೆ ಹೋಗಿ ಕೇಳಿಕೊಂಡು ಬಂದೆ. ಈಗ ಕಳೆದು ನೋಡು. ಇನ್ನೂರ ಮೂವತ್ತು ಹೆಚ್ಚು ಅಂದದ್ದು ಮುನ್ನೂರು ಕಡಿಮೆ ಆಗುತ್ತದೆ. ಮಾಂಗೆರೆಯಲ್ಲಿ ಮೂರು ಸಂಸಾರ ಬಾಡಿಗೆ ಹಂಚಿಕೊಂಡು, ಗ್ಯಾರೇಜಿನಲ್ಲಿ ಹಾಸಿಗೆ ಹಾಕಿಕೊಂಡು ಇರುವುದರಿಂದ ನಿಮ್ಮ ಕೈಯಲ್ಲಿ ಅಲ್ಲೇ ಹೆಚ್ಚು ಉಳಿಯುತ್ತದೆ.

ಇದನ್ನು ಮೊದಲು ಲೆಕ್ಕ ಹಾಕಿದ ದಿನ ಆ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿ ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ. ನಾಲ್ಕು ವರ್ಷವಾಯಿತು ನಿನ್ನ ತಲೆ ಬಾಚಿ. ಆದರೂ ಬರಬೇಡ ಅಂತ ಬರೆದುಬಿಡೋಣ ಅಂದುಕೊಂಡೆ. ಅಕ್ಕನ ಆಸೆಗೆ ನಿನ್ನ ಮಕ್ಕಳ ತುತ್ತು ಯಾಕೆ ಕಡಿಮೆಯಾಗಬೇಕು?

ಅಷ್ಟರಲ್ಲಿ ಹೋದ ಬುಧವಾರ ಅಮ್ಮ ಫೋನ್ ಮಾಡಿದಳು. ನಿನ್ನ ಫೋನಿನಿಂದಲ್ಲ, ಪಕ್ಕದ ಮನೆಯವರದರಿಂದ. ಗ್ಯಾರೇಜಿನಲ್ಲಿ ನಿಂತು ಪಿಸುಗುಟ್ಟುತ್ತಿದ್ದಳು. ಏನೋ ಕಾಯಿಲೆಯ ಸುದ್ದಿ ಇರಬೇಕು ಅಂತ ನನ್ನ ಜೀವ ಬಾಯಿಗೆ ಬಂತು.

'ಅವ್ರು ಅಲ್ಲಿಗೆ ಬರೋದು ಗಟ್ಟಿನಾ?' ಅಂತ ಕೇಳಿದಳು.

ಗಟ್ಟಿ ಇಲ್ಲ, ನಿನ್ನನ್ನು ಬಿಟ್ಟು ಹೇಗೆ ಬರಲಿ ಅಂತ ರುತಾ ಅಳುತ್ತಿದ್ದಾಳೆ ಅಂದೆ. ಆಮೇಲೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

'ಅಯ್ಯೋ, ಆ ಹುಚ್ಚಿ ನನಗೋಸ್ಕರ ನಿಂತಿದ್ದಾಳಾ? ನಾನು ಅವಳಿಗೋಸ್ಕರ ನಿಂತಿದ್ದೀನಲ್ಲೇ! ನನ್ನಕ್ಕ ಊರಲ್ಲಿ, ಸವಾಯಿ ದ್ವೀಪದಲ್ಲಿ, ಒಬ್ಬಳೇ ಕೂತು ಚಾಪೆ ಹೆಣೀತಿದ್ದಾಳೆ, ಕಣ್ಣೂ ಸರಿಯಾಗಿ ಕಾಣಲ್ಲ. ಬಾರೆ ಬಾರೆ ಅಂತ ಎರಡು ವರ್ಷದಿಂದ ಕರೀತಿದ್ದಾಳೆ. ನಾನು ಹೊರಟ್ರೆ ಈ ಮಕ್ಕಳನ್ನ ಯಾರು ನೋಡ್ಕೋತಾರೆ, ನೀನೇ ಹೇಳು? ರುತಾಗೆ ಮಾತ್ರ ಹೇಳ್ಬೇಡ. ಗೊತ್ತಾದ್ರೆ ಮಾರನೇ ದಿನ ಕೆಲಸ ಬಿಟ್ಟು ಕೂತ್ಕೋತಾಳೆ.'

ಹೇಳುವುದಿಲ್ಲ ಅಂತ ದೇವರ ಮೇಲೆ ಮಾತು ಕೊಟ್ಟೆ. ಬರೆಯುವುದಿಲ್ಲ ಅಂತ ಕೊಟ್ಟಿರಲಿಲ್ಲ. ಪಾದ್ರಿಯವರ ಹೆಂಡತಿಯ ಕೈಯಲ್ಲೇ ಈ ಕಾಗದ ಕಳಿಸುತ್ತಿರುವುದರಿಂದ ದೇವರು ಅಷ್ಟಾಗಿ ಕೋಪಿಸಿಕೊಳ್ಳಲಾರ.

ನಾವಿಬ್ಬರೂ ಎಂಥ ದಡ್ಡಿಯರು ನೋಡು. ಅಮ್ಮನನ್ನು ನಾವು ಅಮ್ಮ ಅಂತ ಮಾತ್ರ ನೋಡಿದೆವು. ಅವಳೂ ಒಬ್ಬಳ ತಂಗಿ, ಅವಳಿಗೂ ಒಬ್ಬ ಅಕ್ಕ ಕಾಯುತ್ತಿರುತ್ತಾಳೆ ಅಂತ ನಮಗೆ ಹೊಳೆಯಲೇ ಇಲ್ಲ. ಅವತ್ತು ಫೋನ್ ಇಟ್ಟ ಮೇಲೆ ನಾನು ಅತ್ತೆ. ದುಃಖಕ್ಕಲ್ಲ, ಅವಳ ದನಿಯಲ್ಲಿದ್ದ ಆಸೆಗೆ. ನಮ್ಮಮ್ಮ ತನಗೆ ಇಂಥದ್ದು ಬೇಕು ಅಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿಯೇ ಇರಲಿಲ್ಲ.

ಅವಳನ್ನು ಕಳಿಸಿಕೊಡು ರುತಾ. ನೀನು ಇಲ್ಲಿಗೆ ಬಂದರೂ ಸರಿ, ಬಾರದಿದ್ದರೂ ಸರಿ, ಅದು ಬೇರೆ ಮಾತು. ಟಿಕೆಟ್ಟಿನ ದುಡ್ಡು ಅರ್ಧ ನಾನು ಹಾಕುತ್ತೇನೆ. ಅವಳಾಗಿ ಬಾಯಿಬಿಟ್ಟು ಕೇಳುವುದಿಲ್ಲ. ನೀನೇ ಒಂದು ಸಂಜೆ ಅವಳ ಪಕ್ಕ ಕೂತು, ದೊಡ್ಡಮ್ಮನಿಗೆ ಹುಷಾರಿಲ್ಲವಂತೆ, ಹೋಗಿ ನೋಡಿಕೊಳ್ಳುತ್ತೀಯಾ ಅಂತ ಶುರು ಮಾಡು. ಸೇವೆ ಅಂದರೆ ಹೊರಡುತ್ತಾಳೆ. ಸುಖ ಅಂದರೆ ಗ್ಯಾರೇಜು ಬಿಟ್ಟು ಅಲ್ಲಾಡುವುದಿಲ್ಲ.

ಇನ್ನು ನಿನ್ನ ವಿಷಯ. ಅಮ್ಮ ಹೊರಟರೆ ಅಲ್ಲಿಯೂ ಮಕ್ಕಳನ್ನು ದುಡ್ಡು ಕೊಟ್ಟೇ ಬಿಡಬೇಕು. ನಿನ್ನ ಆಸ್ಪತ್ರೆಯ ಹತ್ತಿರದ ಶಿಶುವಿಹಾರಕ್ಕೂ ಫೋನ್ ಮಾಡಿ ವಿಚಾರಿಸಿದೆ, ನಮ್ಮ ಡಾಲರಿನಲ್ಲಿ ಮುನ್ನೂರು. ಅದನ್ನೂ ಕಳೆದರೆ ಮಾಂಗೆರೆ, ಲೋಗನ್ ಎರಡೂ ಒಂದೇ ಆಗಿಬಿಡುತ್ತವೆ, ಹತ್ತು ಡಾಲರಿನ ವ್ಯತ್ಯಾಸವೂ ಇಲ್ಲ. ಲೆಕ್ಕ ಸಮ ಬಂದಾಗ ಏನು ಮಾಡಬೇಕು ಅಂತ ಫೆರೆತಿಯ ಸೈಟನ್ನೇ ಕೇಳು.

ಬಾ ಅಂತ ನಾನು ಬರೆಯುವುದಿಲ್ಲ. ಅಕ್ಕ ಕರೆದಳು ಅಂತ ಬಂದು, ನಾಳೆ ಕಷ್ಟ ಬಂದರೆ ನನ್ನ ಮುಖ ನೋಡಿಕೊಂಡು ಸುಮ್ಮನಿರುತ್ತೀಯ, ಅದು ನನಗೆ ಬೇಡ. ನೀವಿಬ್ಬರೂ ಕೂತು ಮಾತಾಡಿ. ಫೆರೆತಿಯನ್ನು ಗೇಲಿ ಮಾಡಿದೆ ಅಂತ ಹೇಳಬೇಡ, ನನ್ನ ಮೇಲೆ ಗೌರವ ಇಟ್ಟುಕೊಂಡಿದ್ದಾನೆ, ಇರಲಿ ಬಿಡು. ಸೆಫೋ ಮಾತ್ರ, 'ಅವನು ಬಂದ್ರೆ ನನ್ನ ಒಳ್ಳೆ ಶರ್ಟೆಲ್ಲಾ ಅವನ ಪಾಲು' ಅಂತ ಈಗಲೇ ಗೊಣಗುತ್ತಿದ್ದಾನೆ. ಆದರೂ ನಿನ್ನೆ ಹಿಂದಿನ ಕೋಣೆಯ ಕಿಟಕಿಗೆ ಸೊಳ್ಳೆಪರದೆ ಬಡಿದ. ಯಾಕಪ್ಪಾ ಅಂತ ಕೇಳಿದರೆ, ಸುಮ್ನೆ ಅಂದ.

ಮಕ್ಕಳಿಬ್ಬರ ಕೆನ್ನೆಗೂ ನನ್ನ ಮುತ್ತು. ನಿನಗೆ ಎಷ್ಟು ಅಂತ ಬರೆಯಲಾರೆ.

ನಿನ್ನ ಅಕ್ಕ,
ಮಸೀನಾ

ತಾಜಾ ಕಲಂ: ಒಂದು ವಿಷಯ ಬರೆಯುವುದೋ ಬೇಡವೋ ಅಂತ ಇಷ್ಟು ಹೊತ್ತು ಯೋಚಿಸಿದೆ. ನೀನು ಈ ಕೆಲಸದ ಸುದ್ದಿ ಹೇಳಿದ ಮಾರನೆಯ ದಿನವೇ ವೃದ್ಧಾಶ್ರಮದಲ್ಲಿ ಮೇಲಿನವರನ್ನು ಕೇಳಿ ನಾನು ಸಂಜೆಯ ಪಾಳಿಗೆ ಬದಲಾಯಿಸಿಕೊಂಡೆ. ಎರಡು ವಾರದಿಂದ ಬೆಳಗಿನಿಂದ ಮಧ್ಯಾಹ್ನ ಮೂರರವರೆಗೆ ಮನೆಯಲ್ಲೇ ಇರುತ್ತೇನೆ. ಸೆಫೋ ರಾತ್ರಿ ಒಬ್ಬನೇ ಊಟ ಮಾಡುತ್ತಾನೆ, ಬೈದುಕೊಂಡೇ ಮಾಡುತ್ತಾನೆ. ಇಲ್ಲಿಯ ಲೆಕ್ಕದಲ್ಲಿ ಆ ಮುನ್ನೂರ ಎಂಬತ್ತನ್ನು ಹೊಡೆದುಹಾಕಿ ಇನ್ನೊಂದು ಸಲ ಕೂಡಿಸು. ಸ್ವಲ್ಪ ಬೇಗ ಕೂಡಿಸು ಕಣೆ, ಹಗಲು ಹೊತ್ತು ಈ ಮನೆಯಲ್ಲಿ ಒಬ್ಬಳೇ ಇರಲು ಆಗುತ್ತಿಲ್ಲ.