ಚಪ್ಪಟೆ ಮುಖ ಒಳಕ್ಕೆ

ಭಾನುವಾರ, ಊಟ ಮುಗಿಸಿ

ಮುದ್ದಿನ ಚೂಟಿಗೆ, ಅಮ್ಮನ ನೆನಪುಗಳು.

ನೀನು ಹೋಗಿ ಎಂಟು ತಿಂಗಳಾದ ಮೇಲೆ ನಿನ್ನ ಕಾಗದ ಬಂತು. ಒಟ್ಟು ಆರು ಸಾಲು. ಮೊದಲನೆಯದರಲ್ಲಿ ನೀನು ಚೆನ್ನಾಗಿದ್ದೀಯ, ಕೊನೆಯದರಲ್ಲಿ ನಾನು ಚೆನ್ನಾಗಿರಬೇಕು, ನಡುವಿನ ನಾಲ್ಕೂ ಬೋರ್ಡಿನಡಿಯ ಪುಟ್ಟ ರೆಕ್ಕೆಗಳದ್ದು, ಫಿನ್‌ಗಳದ್ದು. ಪರವಾಗಿಲ್ಲ. ಸರ್ಫ್‌ಬೋರ್ಡ್ ಮಾಡುವವನ ಮಗಳು ಅಮ್ಮನ ಮಂಡಿನೋವಿಗಿಂತ ಮೊದಲು ಬೋರ್ಡಿನ ಬಾಲ ವಿಚಾರಿಸಿದರೆ ಅದು ವಂಶದ ದೋಷ. ಮಂಡಿ ಹಾಗೇ ಇದೆ: ಕೂತರೆ ಏಳದು, ಎದ್ದರೆ ಕೂರದು. ಪ್ರಾಸ ಕಟ್ಟುವ ಚಟವೂ ಹಾಗೇ ಇದೆ, ಅದಕ್ಕೆ ಔಷಧಿ ಇಲ್ಲವಂತೆ.

ಅಪ್ಪ ಕೊನೆಗೆ ಮಾಡಿದ ಫಿಶ್ ಬೋರ್ಡನ್ನು, ಅವರು ತೀರಿಕೊಂಡ ಮೂರನೆಯ ದಿನ ನೀನು ಹೊತ್ತುಕೊಂಡು ಹೋದೆ. ಅಡಿಯಲ್ಲಿ ಫಿನ್ ಕೂರಿಸುವ ಗೂಡುಗಳಿದ್ದವು, ಫಿನ್ ಇರಲಿಲ್ಲ. ಈಗ ಯಾವುದು ಹಾಕಲಿ, ಅಪ್ಪ ಏನಾದರೂ ಹೇಳಿದ್ದರಾ ಅಂತ ಕೇಳಿದ್ದೀಯ. ಹೇಳಿರಲಿಲ್ಲ. ಹಾಗಾಗಿ ಇಪ್ಪತ್ತು ವರ್ಷ ಅವರ ಪಕ್ಕದಲ್ಲಿ ನಿಂತು ಫಿನ್ ಉಜ್ಜಿದವಳ ಮಾತು ಕೇಳು.

ಫಿಶ್ ಅಂದರೆ ಗಿಡ್ಡ, ಅಗಲ, ಬಾಲ ಮೀನಿನ ಹಾಗೆ ಸೀಳು. ಅದಕ್ಕೆ ಎರಡು ಫಿನ್ ಇದ್ದರೇ ಲಕ್ಷಣ. ನಿನ್ನ ಜೊತೆಯವರು ಹೇಳುವ ನಾಲ್ಕು ಫಿನ್ ಕಡಿದಾಗಿ ಎದ್ದು ಬೀಳುವ ಅಲೆಗೆ ಸರಿ, ಹಿಡಿತ ಸಿಗುತ್ತದೆ. ನೀನಿರುವಲ್ಲಿ ಅಲೆ ಮೆತ್ತಗೆ, ಉದ್ದಕ್ಕೆ ಸಾಗುತ್ತದೆ ಅಂತ ನೀನೇ ಬರೆದಿದ್ದೀಯ. ಇನ್ನು ಎರಡು ಫಿನ್‌ನಲ್ಲೇ ಎರಡು ಜಾತಿ. ಬುಡ ಚಿಕ್ಕದಾಗಿ ಎತ್ತರಕ್ಕೆ ನಿಲ್ಲುವುದು ಒಂದು, ಹೇಳಿದ ಕಡೆ ತಟಕ್ಕನೆ ತಿರುಗುತ್ತದೆ. ಬುಡ ಉದ್ದವಾಗಿ, ತಗ್ಗಾಗಿ ಇರುವ ಕೀಲ್ ಇನ್ನೊಂದು. ವೇಗ ಕೊಡುತ್ತದೆ, ಹೊರಳುವಾಗ ಮಾತ್ರ ಸಾವಕಾಶವಾಗಿ ದೊಡ್ಡ ಸುತ್ತು ಹಾಕುತ್ತದೆ. ಎತ್ತರದ್ದು ಆಟಕ್ಕೆ, ತಗ್ಗಿನದು ಓಟಕ್ಕೆ. ನಿನ್ನ ಕಣ್ಣು ಎತ್ತರದ್ದರ ಮೇಲೇ ಇರುತ್ತದೆ, ಗೊತ್ತು. ಆದರೂ ಕೀಲ್ ಹಾಕು. ತಟಕ್ಕನೆ ತಿರುಗಬೇಕಾದರೆ ಭುಜ ಎಸೆಯಬೇಕು, ಆ ಭುಜ ಒಮ್ಮೆ ಜಾರಿದ್ದು. ಸೈಜೂ ಒಂದು ಕಡಿಮೆ ತಗೋ. ಫಿನ್ ಆರಿಸುವುದು ಮೈತೂಕ ನೋಡಿ, ನೀನು ಬೋರ್ಡ್ ಹೊತ್ತು ಹೊರಟ ದಿನ ನಿನ್ನ ಅಂಗಿ ಹ್ಯಾಂಗರಿಗೆ ನೇತುಹಾಕಿದ ಹಾಗಿತ್ತು.

ಕೂರಿಸುವಾಗ ಒಂದು ಎಚ್ಚರ. ಈ ಫಿನ್‌ಗೆ ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬು. ಚಪ್ಪಟೆ ಮುಖಗಳು ಒಳಕ್ಕೆ, ಒಂದನ್ನೊಂದು ನೋಡುತ್ತಿರಬೇಕು. ಉಬ್ಬು ಹೊರಕ್ಕೆ. ಅದಲುಬದಲಾದರೆ ತಿರುಗುವಾಗ ಬೋರ್ಡ್ ಹಿಡಿತ ತಪ್ಪುತ್ತದೆ. ಕೆಲಸ ಮಾಡುವಾಗ ಬೋರ್ಡ್ ಕವುಚಿ ಮಲಗಿರುತ್ತದೆ, ಆಗ ನಿನ್ನ ಎಡಗೈ ಕಡೆ ಇರುವುದು ಬೋರ್ಡಿನ ಎಡ ಅಲ್ಲ. ಇಷ್ಟೂ ಗೊತ್ತಿಲ್ಲದವರು ಯಾರಮ್ಮ ಅಂತ ನಗಬೇಡ. ಗೊತ್ತಿದ್ದವಳೇ ಒಬ್ಬಳು ತಪ್ಪಿದ್ದಾಳೆ.

ಎರಡು ವರ್ಷದ ಹಿಂದೆ, ತಂಡದ ಆಯ್ಕೆಯ ಪಂದ್ಯಕ್ಕೆ ಕಳಿಸಿದ ಆ ಹಸಿರು ಬೋರ್ಡಿಗೆ ಗೂಡು ಇರಲಿಲ್ಲ, ಫಿನ್‌ಗಳನ್ನು ರೆಸಿನ್ ಹಾಕಿ ಖಾಯಂ ಆಗಿ ಅಂಟಿಸಿಯಾಗಿತ್ತು. ಅಂಟಿಸಿದ್ದು ಅಪ್ಪ ಅಲ್ಲ. ನಾನು. ಆಗಲೇ ಅವರ ಕೈ ನಡುಗುತ್ತಿತ್ತು. ಪಂದ್ಯದ ಮುಂಚೆ ಅವಳ ತಲೆ ಕೆಡಿಸಬೇಡ, ಹೇಳಬೇಡ ಅಂದಿದ್ದರು. ಫಿನ್‌ಗಳ ಮೇಲೆ ಪೆನ್ಸಿಲಿನಲ್ಲಿ ಎಡ, ಬಲ ಅಂತ ಬರೆದಿಟ್ಟು ಎರಡು ದಿನ ಆಸ್ಪತ್ರೆಗೆ ಸೇರಿದರು. ನಾನು ಕವುಚಿದ ಬೋರ್ಡಿನ ಮೇಲೆ ಎಡದ್ದನ್ನು ನನ್ನ ಎಡಕ್ಕಿಟ್ಟೆ, ಬಲದ್ದನ್ನು ನನ್ನ ಬಲಕ್ಕೆ. ಕನ್ನಡಿಯ ಹಾಗೆ ಉಜ್ಜಿದೆ. ಅವರು ಮನೆಗೆ ಬರುವಷ್ಟರಲ್ಲಿ ಚೀಲಕ್ಕೆ ತುಂಬಿ ಕಳಿಸಿಯೂ ಆಗಿತ್ತು. ಅದು ನಿನ್ನ ಕೈ ಸೇರಿದ್ದೇ ಪಂದ್ಯದ ಬೆಳಿಗ್ಗೆ. ಅಪ್ಪನ ಕೆಲಸ ಅಂತ ನೀನು ತಿರುಗಿಸಿ ನೋಡದೆ ನೀರಿಗಿಳಿದೆ.

ಮುಂದಿನದು ನಿನಗೆ ಗೊತ್ತು. ಭುಜ ಜಾರಿತು, ತಂಡ ತಪ್ಪಿತು. ಕೈಯನ್ನು ಕತ್ತಿಗೆ ಕಟ್ಟಿಕೊಂಡು ಬಂದು, ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು, ನೀನು ಅಪ್ಪನಿಗೆ, ಫಿನ್ ಅದಲುಬದಲಾಗಿದೆ, ನಿನ್ನ ಕೈ ಹೋಯ್ತಪ್ಪ, ಇನ್ನು ಸ್ಟೂಲು ಮಾಡ್ಕೊಂಡಿರು, ಬಿದ್ರೂ ಯಾರೂ ಸಾಯಲ್ಲ ಅಂದೆ. ಅಪ್ಪ ಫಿನ್ ಮೇಲೆ ಒಂದು ಸಲ ಬೆರಳಾಡಿಸಿದರು. ನನ್ನ ಕಡೆ ತಿರುಗಲಿಲ್ಲ. ಹೌದು ಮಗಳೇ, ನನ್ನಿಂದಲೇ ಆಯ್ತು ಅಂದರು. ನಾನು ಅಲ್ಲೇ ಇದ್ದೆ, ರೆಸಿನ್ ಡಬ್ಬಿ ಹಿಡಿದುಕೊಂಡು. ಅದರ ಮುಚ್ಚಳದಷ್ಟೇ ಭದ್ರವಾಗಿ ಬಾಯಿ ಮುಚ್ಚಿಕೊಂಡಿದ್ದೆ.

ನೀನು ಹೊರಟ ಮೇಲೆ, ಅವಳಿಗೆ ಹೇಳಿಬಿಡ್ತೀನಿ ಅಂತ ನಾನು ಅಂದೆ. ಬೇಡ ಅಂದರು ಅಪ್ಪ. ನೀನು ಇರೋಳು, ನಾನು ಹೊರಡೋನು, ಸಿಟ್ಟು ಹೊರಡೋನ ಮೇಲಿರಲಿ, ನಾನು ಹೋದಾಗ ಅವಳು ಅಷ್ಟೊಂದು ಅಳಲ್ಲ ಅಂದರು. ಅವರ ಅಂದಾಜು ಯಾವತ್ತೂ ಹಾಗೇ: ಬೋರ್ಡಿಗೆ ಕೂದಲೆಳೆಯಷ್ಟೂ ತಪ್ಪದು, ಮನುಷ್ಯರಿಗೆ ಮಾರುದ್ದ ತಪ್ಪುವುದು. ಅವರು ಹೋದ ಮೇಲೆ ನೀನು ಮೂರು ದಿನ ಅಳಲೇ ಇಲ್ಲ. ಬಂದವರೆಲ್ಲ ಗಟ್ಟಿಗಿತ್ತಿ ಅಂದರು. ನೀನು ವರ್ಕ್‌ಶಾಪಿನಲ್ಲಿ ಅವರ ಏಪ್ರನ್ ಮುಖಕ್ಕೆ ಒತ್ತಿಕೊಂಡು, ಅಳು ಬಾರದೆ ನಿಂತಿದ್ದನ್ನು ಕಿಟಕಿಯಿಂದ ನೋಡಿದವಳು ನಾನೊಬ್ಬಳೇ. ಆಗಲೂ ಹೇಳಲಿಲ್ಲ. ಅವರಿಗೆ ಕೊಟ್ಟ ಮಾತಿನ ನೆಪ ಇತ್ತು. ನಿಜ ಅಂದರೆ ಒಂದೇ ವಾರದಲ್ಲಿ ಇಬ್ಬರನ್ನು ಕಳೆದುಕೊಳ್ಳುವ ಧೈರ್ಯ ಇರಲಿಲ್ಲ.

ನೀನು ಅವತ್ತು ಬಾಗಿಲಲ್ಲಿ ಆಡಿದ ಮಾತು ನನಗೆ ಸೇರಬೇಕಾದದ್ದು. ಅದನ್ನು ಅವರಿಂದ ವಾಪಸ್ ತಗೊಂಡು ನನಗೆ ಕೊಡು. ಆಮೇಲೆ ಕಾಗದ ಬರೆಯುವುದು, ಬಿಡುವುದು ನಿನಗೆ ಬಿಟ್ಟಿದ್ದು. ಅವರಿಗೋಸ್ಕರ ಒಂದು ಸಲ ಅತ್ತುಬಿಡು, ಚೂಟಿ.

ಇತಿ ನಿನ್ನ,
ಅಮ್ಮ

ಇನ್ನೊಂದು ಮಾತು: ಈ ಕಾಗದ ಬರೆಯುತ್ತಿರುವುದು ಇದು ನಾಲ್ಕನೆಯ ಸಲ. ಮೊದಲ ಎರಡರಲ್ಲಿ ಬರೀ ಫಿನ್ ವಿಷಯ ಇತ್ತು. ಮೂರನೆಯದರಲ್ಲಿ, ಪಾಪ, ಅಪ್ಪನಿಗೆ ವಯಸ್ಸಾಗಿತ್ತು, ಕಣ್ತಪ್ಪಿತ್ತು, ಮನ್ನಿಸಿಬಿಡು ಅಂತ ನಾನೇ ಬರೆದು, ಅಂಚೆಚೀಟಿಯನ್ನೂ ಅಂಟಿಸಿದ್ದೆ.