ನಾಲ್ಕು ಕಲ್ಲಿನ ಮನೆ

ಭೋಸರಿ, ಪುಣೆ
ಶುಕ್ರವಾರ, ೨೫ ಏಪ್ರಿಲ್ ೨೦೨೫

ಗುರುದೇವಿ ಟೀಚರಿಗೆ, ಪಕ್ಕದ ಮನೆಯ, ನಿಮ್ಮ ಗ್ವಾಡಿ ಆಚೆಯ ಜಯಮಾಲಾಳ ಶರಣು.

ಟೀಚರ್ ಅಂದೆನೆಂದು ಮುಖ ಗಂಟು ಹಾಕಬೇಡ. ಈಗ ಶಹಾಬಾದದಲ್ಲಿ ನಿನ್ನನ್ನು ಬರೀ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲವಂತೆ. ನಮ್ಮ ಅವ್ವ ಕೂಡ ಫೋನಿನಲ್ಲಿ 'ನಮ್ಮ ಗುರುದೇವಿ ಟೀಚರು' ಅನ್ನುತ್ತಾಳೆ. ಹೊಟ್ಟೆಯಲ್ಲಿ ಹುಟ್ಟಿದ ನಾನು ಇನ್ನೂ 'ಏ ಜಯಾ'.

ಇದನ್ನು ಕೈಯಿಂದ ಬರೆಯುತ್ತಿಲ್ಲ. ದಿನವೆಲ್ಲ ಔಷಧಿ ಡಬ್ಬಿಗೆ ಚೀಟಿ ಅಂಟಿಸಿ ಬೆರಳಿಗೆ ಬೇಸರ ಬಂದಿದೆ. ಫೋನಿಗೆ ಬಾಯಿ ಹಚ್ಚಿ ಮಾತಾಡುತ್ತೇನೆ, ಅದು ಬರೆದುಕೊಳ್ಳುತ್ತದೆ. ದನಿಯನ್ನೇ ಕಳಿಸಬಹುದಿತ್ತು. ಆದರೆ ನನ್ನ ದನಿ ಕೇಳಿದರೆ ನಿನಗೆ ಎಲ್ಲ ಗೊತ್ತಾಗಿಬಿಡುತ್ತದೆ. ಅದು ಬೇಡ.

ಮೊನ್ನೆ ನೀನು ಕಳಿಸಿದ ಮೆಸೇಜು ಹೀಗಿತ್ತು: 'ಜಯಾ, ಸಣ್ಣವರಿದ್ದಾಗ ಗ್ವಾಡಿ ಆಚಿ ಈಚಿ ನಿಂತು ಫರ್ಸಿ ಆಟ ಆಡತಿದ್ದೆವಲ್ಲ, ಕಲ್ಲು ಮುಗದ ಮ್ಯಾಲ ನೀ ಏನ್ ಮಾಡತಿದ್ದಿ? ನಂಗ ಗೊತ್ತೇ ಇಲ್ಲ. ಸೋಮವಾರ ಚಿತ್ತಾಪುರದಾಗ ಮಾಸ್ತರಗೋಳ ಮುಂದ ಈ ಕ್ಲಾಸ್ ತೋರಸಬೇಕು. ಹುಡುಗೂರು ನಡುವೇ ಫೋನ್ ಬಂದ್ ಮಾಡಿ ಹೋಗಾಕತ್ತಾವ. ಯಾಕ ಅಂತ ತಿಳಿವಲ್ದು. ಜಲ್ದಿ ಹೇಳವ್ವ.'

ಉತ್ತರ: ನನಗೆ ನೆನಪಿಲ್ಲ.

ಇಷ್ಟಕ್ಕೇ ಮುಗಿಸೋಣ ಅಂದುಕೊಂಡೆ. ಮುಗಿಯಲಿಲ್ಲ. ನಿನ್ನ ಮೆಸೇಜು ಬಂದಾಗಿನಿಂದ ಡಬ್ಬಿ ಅಂಟಿಸುವಾಗಲೂ ನಿನ್ನ ಜೊತೆ ಜಗಳ ಮಾಡುತ್ತಲೇ ಇದ್ದೇನೆ. ನೀನು ಅಲ್ಲಿ ಆರಾಮ ಇದ್ದೀ; ಜಗಳದ ಎರಡೂ ಕಡೆ ನಾನೇ ಮಾತಾಡಬೇಕಾಗಿದೆ.

ನಿನ್ನ ಕ್ಲಾಸಿನ ವಿಡಿಯೋ ನನಗೆ ಮೊದಲು ಕಳಿಸಿದ್ದು ಅವ್ವ. ನನ್ನ ಫೋಟೋ ತೆರೆದು ನೋಡುವುದು ಅವಳಿಗೆ ಇನ್ನೂ ಬರುವುದಿಲ್ಲ, ನಿನ್ನ ವಿಡಿಯೋ ಓಣಿಗೆಲ್ಲ ಹಂಚುವುದು ಅದು ಹೇಗೋ ಬಂದುಬಿಟ್ಟಿದೆ. ಹಿಂದೆಯೇ ಫೋನು. "ನೋಡಿದೇನ? ಹುಡುಗೂರು ಹ್ಯಾಂಗ ಕುಣ್ಯಾಕತ್ತಾವ! ನೀನೂ ಕಲಿಯೂದು ಪೂರಾ ಮಾಡಿದ್ರ ಹಿಂಗೇ ಇರತಿದ್ದಿ." ಇಲ್ಲಿ ನೆಟ್ ಸರಿ ಇಲ್ಲ, ಆಮೇಲೆ ನೋಡುತ್ತೇನೆ ಅಂದೆ. ಅಷ್ಟರಲ್ಲಿ ನಾಲ್ಕಾರು ಸಲ ನೋಡಿ ಆಗಿತ್ತು.

ಚಂದ ಇದೆ. ಅದೇ ಸಂಕಟ. ಬಿಸಿಲಿನ ರಜೆಯಲ್ಲಿ ನಿನ್ನ ತೆಂಗಳಿ ಶಾಲೆಯ ಮಕ್ಕಳೆಲ್ಲ ಅಜ್ಜಿಯರ ಮನೆ ಸೇರಿದ್ದಾರೆ. ಒಬ್ಬ ಸೇಡಂನಲ್ಲಿ, ಒಬ್ಬಳು ವಾಡಿಯಲ್ಲಿ, ಇಬ್ಬರು ಚಿಂಚೋಳಿಯಲ್ಲಿ. ಸಂಜೆ ನೀನು ಫೋನಿನಲ್ಲಿ ಲೆಕ್ಕ ಹೇಳಿಕೊಡಲು ಕೂತರೆ ಅವರ ಕ್ಯಾಮೆರಾದಲ್ಲಿ ಬರೀ ಫ್ಯಾನು, ಜಂತಿ, ಅಜ್ಜನ ಧೋತರ. ಅಂಕಿ ಕೂಗಿ ಹೌಸಿ ಆಡಿಸಿದೆ. ಒಗಟು ಹಾಕಿದೆ. 'ಮನ್ಯಾಗಿನ ಕೆಂಪು ಸಾಮಾನು ತಗೊಂಡು ಓಡಿ ಬರ್ರಿ' ಅಂದೆ. ಒಬ್ಬ ಹುಡುಗ ತನ್ನ ಅಜ್ಜಿಯ ಕುಂಕುಮದ ಡಬ್ಬಿ ಚೆಲ್ಲಿಕೊಂಡು ಬಂದನಂತೆ. ಎರಡು ದಿನ ನಕ್ಕರು, ಮೂರನೇ ದಿನ ಮತ್ತೆ ಫ್ಯಾನು. ಆಗ ನಿನಗೆ ನಮ್ಮ ಆಟ ನೆನಪಾಯಿತು. ನಮ್ಮ ಕಡೆ ಯಾರ ಮನೆಗೆ ಹೋದರೂ ಕಾಲ ಕೆಳಗೆ ಅದೇ ಬೂದು ಫರ್ಸಿ ಕಲ್ಲು, ಚೌಕ ಚೌಕ. ಆಟದ ಮನೆಯನ್ನು ಫೋನಿನಲ್ಲಿ ಬರೆಯುವುದೇ ಬೇಕಿಲ್ಲ, ಎಲ್ಲರೂ ಅದರ ಮೇಲೆಯೇ ನಿಂತಿದ್ದಾರೆ. "ಇಪ್ಪತ್ತರಾಗ ಹದಿನೇಳು ಹ್ವಾದ್ರ ಎಷ್ಟು ಉಳೀತು? ಅಷ್ಟು ಕಲ್ಲು ಮುಂದ ನಡೀರಿ!" ಅಂತ ನೀನು ಕೂಗುತ್ತೀ. ಅಷ್ಟೂ ಊರಿನ ಮಕ್ಕಳು ಒಂದೇ ಸಲ ಹೆಜ್ಜೆ ಹಾಕುತ್ತಾರೆ.

ವಿಡಿಯೋದ ಕೊನೆಗೆ ನಿಮ್ಮ ಹೆಡ್‌ಮಾಸ್ತರು ರೇವಣಪ್ಪ ಸರ್ ಕೇಳುತ್ತಾರೆ, "ಇದನ್ನ ಎಲ್ಲಿಂದ ಕಲತ್ರಿ ಟೀಚರ್?" ನೀನು ಸೆರಗು ಸರಿಮಾಡಿಕೊಂಡು ನಗುತ್ತೀ. "ನಮ್ಮ ಓಣಿ ಆಟ ರಿ ಸರ್."

ಓಣಿ! ಓಣಿಯಲ್ಲಿ ಯಾರಿಗೆ ಗೊತ್ತಿತ್ತು ಗುರುದೇವಿ? ಹಿಟ್ಟಿನ ಗಿರಣಿಯ ಸಿರಾಜುದ್ದೀನ ಚಾಚಾ ಆಡುತ್ತಿದ್ದರೇ? ನಿನ್ನ ಕಾಕಾ ಆಡುತ್ತಿದ್ದರೇ? ಆ ಆಟ ಇಡೀ ಭೂಮಿಯ ಮೇಲೆ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ನೀನು. ಇನ್ನೊಬ್ಬಳ ಹೆಸರು ಹೇಳಲು ನಿನಗೆ ಏನು ಹಿಡಿದಿತ್ತು?

ಆ ವರ್ಷ ನಿನಗೆ ಮೈತುಂಬ ಅಮ್ಮ ಎದ್ದಿತ್ತು. ನಿಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು, ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗ್ವಾಡಿ. ನೀನು ಆಚೆ ಅಳುತ್ತಿದ್ದೆ, ನಾನು ಈಚೆ. ಆಗ ನಾನು ಹೇಳಿದೆ, ನೀನು ನಿಮ್ಮ ಕಲ್ಲಿನ ಮೇಲೆ ನಿಲ್ಲು, ನಾನು ನಮ್ಮ ಕಲ್ಲಿನ ಮೇಲೆ ನಿಲ್ಲುತ್ತೇನೆ, ಒಬ್ಬರು ಹುಕುಂ ಕೊಡೋಣ, ಇಬ್ಬರೂ ನಡೆಯೋಣ. ಮೊದಲ ಹುಕುಂ ನಿನ್ನದು. ಆಮೇಲೆ ಟಕ್ ಟಕ್ ಅಂತ ಗ್ವಾಡಿ ಬಡಿಯುವ ಸದ್ದು ಕೇಳಿದರೆ ನೀನು ಕಿವಿಗೊಟ್ಟು ನಿಲ್ಲುತ್ತಿದ್ದೆ. 'ಐದು ಮುಂದ! ಎರಡು ಎಡಕ್ಕ!' ನನ್ನ ಹುಕುಮಿಗೆ ನೀನು ಪಡಸಾಲೆ ದಾಟಿ, ದೇವರ ಕೋಣೆ ದಾಟಿ, ಅಡುಗೆಮನೆಗೆ ಹೋಗಿ ಹಾಲಿನ ಪಾತ್ರೆ ಒದ್ದದ್ದು ನೆನಪಿದೆಯೇ? ನಿಮ್ಮ ಕಾಕಾ ಒದರುತ್ತಿದ್ದರು, "ಏ ಗುರುದೇವಿ, ಮನಿ ಅಳ್ಯಾಕತ್ತೀಯೇನ? ಮಾರೂದದ ಏನ ಮನಿ?" ನಾನು ಈಚೆ ಬಾಯಿಗೆ ಲಂಗ ತುರುಕಿಕೊಂಡು ನಗುತ್ತಿದ್ದೆ.

ಹೇಳುತ್ತೇನೆ ಕೇಳು, ನಿನ್ನ ಬಿ.ಎಡ್ಡಿಗೆ ನನಗೆ ಹೊಟ್ಟೆಕಿಚ್ಚಿಲ್ಲ. ಇದೆ. ಸ್ವಲ್ಪ ಇದೆ. ಕಲಬುರಗಿಯಲ್ಲಿ ಇಬ್ಬರೂ ಒಂದೇ ದಿನ ಡಿಗ್ರಿ ಸೇರಿದೆವು. ಒಂದು ಕಡೆ ಕೂತರೆ ಕಾಲಿಗೆ ಇರುವೆ ಹತ್ತಿದ ಹಾಗಾಗುವ ಹುಡುಗಿ ನಾನು. ನಡುವೆಯೇ ಎದ್ದು ಹೈದರಾಬಾದಿಗೆ ಹೋದೆ, ಅಲ್ಲಿಂದ ಸೊಲ್ಲಾಪುರಕ್ಕೆ, ಅಲ್ಲಿಂದ ಇಲ್ಲಿಗೆ. ಯಾರೂ ಓಡಿಸಲಿಲ್ಲ. ಅದಕ್ಕೇ ಜಾಸ್ತಿ ಉರಿಯುತ್ತದೆ. ಯಾರಾದರೂ ಓಡಿಸಿದ್ದರೆ ಅವರನ್ನು ಬೈದುಕೊಂಡು ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದೆ.

ಇನ್ನು, ನಿನ್ನ ಮಕ್ಕಳು ಯಾಕೆ ಫೋನ್ ಬಂದ್ ಮಾಡಿ ಹೋಗುತ್ತಾರೆ ಅನ್ನುವುದು. ಅದು ನನಗೆ ಗೊತ್ತು. ಹೇಗೆ ಗೊತ್ತು ಅಂದರೆ, ನಮ್ಮ ಕೋಣೆಯ ಹಿಂದೆ ಒಂದು ಕಟ್ಟಡ ಏಳುತ್ತಿದೆ. ಅಲ್ಲಿಯ ತಗಡಿನ ಶೆಡ್ಡಿನಲ್ಲಿ ತೆಂಗಳಿಯ ಮರೆಮ್ಮ ಇದ್ದಾಳೆ, ಗಾರೆ ಕೆಲಸದವಳು. ರಜೆಗೆ ಅವಳ ಹತ್ತಿರ ಬಂದಿರುವ ಮಗಳು ದಾನಮ್ಮ. ಹೌದು, ನಿನ್ನ ಐದನೇ ಇಯತ್ತೆಯ ದಾನಮ್ಮನೇ. ನಿನ್ನ ಕ್ಲಾಸಿನಲ್ಲಿ ಅವಳ ಹೆಸರು ಕಾಣುತ್ತದಲ್ಲ, ಆ ಫೋನು ನನ್ನದು.

ಒಂದು ದಿನ ತಡೆಯದೆ ಅವಳಿಗೆ ಹೇಳಿಬಿಟ್ಟೆ, ನಿಮ್ಮ ಟೀಚರ್ ನನ್ನ ಗೆಳತಿ ಅಂತ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಸುಳ್ಳ ಹೇಳಬ್ಯಾಡ್ರಿ ಅಕ್ಕ. ನಮ್ಮ ಟೀಚರ್ ನಿಮ್ಮಂಗ ಬಾಯಿ ಮಾಡೂದಿಲ್ಲ." ನಿನ್ನ ಹಾಗೆ ಓರೆ ಬೈತಲೆ ತೆಗೆಯುತ್ತಾಳೆ. ನನ್ನ ಬಾಚಣಿಗೆಯಿಂದ. ನನ್ನ ಕನ್ನಡಿಯಲ್ಲಿ.

ಶೆಡ್ಡಿನಲ್ಲಿ ಫರ್ಸಿ ಇಲ್ಲ, ಮಣ್ಣು ನೆಲ. ಇದ್ದಿಲಿನಿಂದ ಚೌಕ ಬರೆದುಕೊಂಡಿದ್ದಾಳೆ. ಸಿಮೆಂಟಿನ ಚೀಲ, ಒಲೆ, ಹಾಸಿಗೆ ಬಿಟ್ಟರೆ ಎರಡು ಚೌಕಕ್ಕಷ್ಟೇ ಜಾಗ. ಇಪ್ಪತ್ತರಲ್ಲಿ ಹದಿನೇಳು ಹೋದರೆ ಮೂರು ಅಂತ ಎಲ್ಲರಿಗಿಂತ ಮೊದಲು ಹೇಳುವವಳು ಅವಳೇ. ಆದರೆ ಮೂರನೇ ಹೆಜ್ಜೆಗೆ ತಗಡು. ನೀನು ಕೂಗುತ್ತೀ, "ಗ್ವಾಡಿ ಬಂದವರು ಔಟ್! ಔಟ್ ಆದವರು ಕುಂತು ಚಪ್ಪಾಳಿ ಹೊಡೀರಿ." ಸೇಡಂನ ಕಾಶೀನಾಥ ಅದೇ ಲೆಕ್ಕಕ್ಕೆ ಐದು ಅಂದುಕೊಂಡು ಐದು ಹೆಜ್ಜೆ ನಡೆದ. ಅವನ ಅಜ್ಜಿಯ ಪಡಸಾಲೆ ದೊಡ್ಡದು. ಅವನು ಆಟದಲ್ಲೇ ಇದ್ದಾನೆ. ಲೆಕ್ಕ ತಪ್ಪಿದವನು ನಡೆಯುತ್ತಾನೆ, ಸರಿ ಮಾಡಿದವಳು ಫೋನು ತೊಡೆಯ ಮೇಲಿಟ್ಟುಕೊಂಡು ಅವನಿಗೆ ಚಪ್ಪಾಳೆ ಹೊಡೆಯುತ್ತಾಳೆ.

ಬುಧವಾರ ನೀನು ಹೆಸರು ಕೂಗುವಾಗಲೇ ಅವಳು ಕೆಂಪು ಗುಂಡಿ ಒತ್ತಿ ಫೋನು ನನ್ನ ಕೈಗೆ ಕೊಟ್ಟಳು. ಯಾಕೆ ಅಂದೆ. "ಔಟ್ ಆಗೂಕಿಂತ ಮೊದಲೇ ಹೋಗೂದು ಚಲೋ ಅಲ್ಲೇನ್ರಿ ಅಕ್ಕ?" ಅಂದಳು. ಆಮೇಲೆ ಬಾಗಿಲ ತನಕ ಹೋಗಿ ತಿರುಗಿ ನಿಂತಳು. "ಖರೇನೇ ನಿಮ್ಮ ಗೆಳತಿ ಆಗಿದ್ರ ಒಂದ ಮಾತ ಹೇಳ್ರಿ. ಶೆಡ್ಡಿನವರಿಗಿ ಸಣ್ಣ ಲೆಕ್ಕ ಕೊಡ್ಲಿ ಅಂತ."

ಹೇಳಿದ್ದೇನೆ. ನನ್ನ ಕೆಲಸ ಮುಗಿಯಿತು.

ಇನ್ನೊಂದು. ನಿನ್ನೆ ನಿನಗೆ ಒಂದು ಉತ್ತರ ಬರೆದಿದ್ದೆ. 'ಕಲ್ಲು ಮುಗಿದವರು ಒಂಟಿಕಾಲಿನಲ್ಲಿ ನಿಂತು ಕೋಳಿಯ ಹಾಗೆ ಕೂಗಬೇಕು, ಹಾಗೇ ಆಡುತ್ತಿದ್ದೆವು' ಅಂತ. ಚಿತ್ತಾಪುರದಲ್ಲಿ ಮಾಸ್ತರರೆಲ್ಲ ಕೈಕಟ್ಟಿ ಕೂತಿದ್ದಾರೆ, ನಿನ್ನ ಮಕ್ಕಳೆಲ್ಲ ಕೊಕ್ಕೋ ಅನ್ನುತ್ತಿದ್ದಾರೆ, ನಿನ್ನ ಮುಖ ಇಷ್ಟು ಸಣ್ಣದಾಗಿದೆ. ನೆನೆದು ಒಬ್ಬಳೇ ನಕ್ಕೆ. ಆಮೇಲೆ ಅಳಿಸಿದೆ. ಪ್ರೀತಿ ಉಕ್ಕಿತು ಅಂದುಕೊಳ್ಳಬೇಡ. ನೀನು ಆ ಕೋಳಿಯನ್ನೂ ಚಂದ ಮಾಡುತ್ತೀ, ಅವ್ವ ಅದರ ವಿಡಿಯೋವನ್ನೂ ನನಗೇ ಕಳಿಸುತ್ತಾಳೆ ಅಂತ ಹೆದರಿಕೆಯಾಯಿತು.

ಹಾಗಾಗಿ ಮತ್ತೊಮ್ಮೆ ಹೇಳುತ್ತೇನೆ, ಕಲ್ಲು ಮುಗಿದ ಮೇಲೆ ಏನು ಮಾಡುತ್ತಿದ್ದೆ ಅನ್ನುವುದು ನನಗೆ ನೆನಪಿಲ್ಲ. ಬೇರೆ ಆಟ ಹುಡುಕಿಕೋ. ನಿನಗೇನು ಕಡಿಮೆ? ಇಡೀ ಓಣಿಯೇ ನಿನ್ನ ಹಿಂದಿದೆ.

ಕಾಕಾನಿಗೆ ನನ್ನ ಶರಣು ತಿಳಿಸು. ಅವ್ವನಿಗೆ ನಾನು ಪತ್ರ ಬರೆದದ್ದು ಹೇಳಬೇಡ.

ನಿನ್ನನ್ನು ನೋಡಿ ಉರಿಯುತ್ತಿರುವ,
ಜಯಾ

ತಾ.ಕ.: ನೆನಪಿದೆ.

ನಿಮ್ಮ ಮನೆಯ ಕಲ್ಲುಗಳನ್ನು ಯಾರೂ ಎಣಿಸಿ ಮುಗಿಸಿರಲಿಲ್ಲ. ನಮ್ಮದು ಬಾಗಿಲಿನಿಂದ ಗ್ವಾಡಿಗೆ ನಾಲ್ಕೇ ಕಲ್ಲು. ನಿನ್ನ ಮೊದಲ ಹುಕುಮಿಗೇ ನನ್ನ ಹಣೆ ಗ್ವಾಡಿಗೆ ಹತ್ತಿತು. ಸೋತೆ ಅನ್ನಲು ಬಾಯಿ ಬರಲಿಲ್ಲ. ಗ್ವಾಡಿ ಬಡಿದೆ, ಹಿಂದೆ ತಿರುಗಿ ನಿಂತೆ, ಮುಂದಿನ ಹುಕುಂ ನಾನೇ ಕೊಟ್ಟೆ. ನೀನು ಯಾಕೆ ಅಂತ ಕೇಳದೆ ನಡೆದೆ. ಅಲ್ಲಿಂದ ಅದೇ ನಮ್ಮ ಆಟವಾಯಿತು: ಗ್ವಾಡಿ ಮುಟ್ಟಿದವರು ಬಡಿಯಬೇಕು, ಬಡಿದವರದೇ ಮುಂದಿನ ಹುಕುಂ. ಆ ಟಕ್ ಟಕ್ ಆಟದ ಸನ್ನೆ ಅಂತ ನೀನು ತಿಳಿದಿದ್ದೆ. ಅದು ನಮ್ಮ ಮನೆ ಮುಗಿದ ಸದ್ದು. ಅಷ್ಟು ದಿನ ನಾನೊಬ್ಬಳೇ ಯಾಕೆ ಹುಕುಂ ಕೊಡುತ್ತೇನೆ ಅಂತ ನೀನು ಒಂದು ಸಲವೂ ಕೇಳಲಿಲ್ಲ. ನಿನಗೆ ಗ್ವಾಡಿ ಸಿಕ್ಕಿದ್ದರಲ್ಲವೇ ಗೊತ್ತಾಗುವುದು? ನನ್ನ ಹೊಟ್ಟೆಕಿಚ್ಚು ನಿನ್ನ ಬಿ.ಎಡ್ಡಿಗಿಂತ ಹಳೆಯದು ಗುರುದೇವಿ.

ಇವತ್ತು ಸಂಜೆ ದಾನಮ್ಮನಿಗೆ ಹೇಳಿಕೊಟ್ಟೆ. ಅವಳು ತಗಡು ಬಡಿದ ರಭಸಕ್ಕೆ ಮರೆಮ್ಮ ಒಲೆ ಬಿಟ್ಟು ಓಡಿ ಬಂದಳು, "ಏನ್ ಬಿತ್ತವ್ವ, ಶೆಡ್ ಬಿತ್ತೇನ?" ಸೋಮವಾರ ನಿನ್ನ ಕ್ಲಾಸಿನಲ್ಲಿ ಆ ಸದ್ದು ಬಂದರೆ ಅವಳ ಮೈಕು ಬಂದ್ ಮಾಡಬೇಡ. ಎಲ್ಲರನ್ನೂ ನಿಲ್ಲಿಸಿ ಅವಳ ಲೆಕ್ಕ ಕೇಳು, ಅವಳ ಹುಕುಮಿಗೆ ನೀನೂ ನಡೆ. ರೇವಣಪ್ಪ ಸರ್ ಮತ್ತೆ ಎಲ್ಲಿಂದ ಕಲಿತಿರಿ ಅಂದಾಗ ಓಣಿಯ ಹೆಸರು ತೆಗೆದರೆ ನೋಡು.

ಅವಳು ನಿನಗಾಗಿಯೇ ಒಂದು ಲೆಕ್ಕ ಕಟ್ಟಿ ಇಟ್ಟುಕೊಂಡಿದ್ದಾಳೆ. ಉತ್ತರ ಎಷ್ಟು ದೊಡ್ಡದೆಂದರೆ ಚಿತ್ತಾಪುರದಲ್ಲಿ ನೀನು ಕ್ಲಾಸ್ ತೋರಿಸುವ ಸಭಾಂಗಣದ ಕಲ್ಲೆಲ್ಲ ಸೇರಿದರೂ ಸಾಲುವುದಿಲ್ಲ. ಈ ಸಲ ಗ್ವಾಡಿ ನಿನಗೂ ಬರುತ್ತದೆ. ಬಂದಾಗ ನಾಚಿಕೊಂಡು ನಿಲ್ಲಬೇಡ, ಬಡಿ. ದಾನಮ್ಮನ ಪಕ್ಕದಲ್ಲಿ ನಾನೂ ನಿಂತಿರುತ್ತೇನೆ, ನಿನ್ನ ಹುಕುಂ ಬರಲಿ ಅಂತ.